ಎರಡನೇದು

ಬಿಳಿ ಅಂಗಿಯೊಂದರ ಕಾಲರಿನ ಒಂದು ತುದಿ ಇಸ್ತ್ರಿಯಾಗಿ, ಇನ್ನೊಂದು ತುದಿ ಬಾಕಿಯಿರುವಾಗಲೇ ಕಾಲರಕ್ಕನ ಫೋನು ಬಡಿದುಕೊಂಡಿತು. ಕಾಲರಿಗೆ ಅವಳದೇ ಕೈ ಆಗಬೇಕೆಂದು ಲಾಂಡ್ರಿಯಲ್ಲಿ ಎಲ್ಲರೂ ಒಪ್ಪಿದ್ದರಿಂದ ಆ ಹೆಸರು ಬಂದಿತ್ತು. ಸ್ವಂತ ಹೆಸರು ಅವಳಿಗೇ ಮರೆಯುವಷ್ಟಾಗಿತ್ತು.

"ಎರಡನೇದು ಬಂದಿದೆ ನೋಡಮ್ಮ," ಎಂದರು ಲೈಬ್ರರಿಯವರು.

ಆವಿಯ ಯಂತ್ರ ಮುನಿಸಿಕೊಂಡ ಎಮ್ಮೆಯಂತೆ ಬುಸುಗುಡುತ್ತಿದ್ದುದರಿಂದ ಅವಳು ಕೂಗಿಯೇ ಮಾತಾಡಬೇಕಾಯಿತು. "ನಿಜವಾಗ್ಲೂ? ಎರಡನೇದಾ? ಅಯ್ಯೋ, ನಾನು ಆಸೆನೇ ಬಿಟ್ಟುಬಿಟ್ಟಿದ್ದೆ ಸಾರ್! ಇಲ್ಲ ಇಲ್ಲ, ಮನೇಲಿ ಯಾರಿಗೂ ಗೊತ್ತಿಲ್ಲ. ಈ ವಯಸ್ಸಲ್ಲಿ ಇದೇನು ಹುಚ್ಚು ಅಂತಾರೆ. ಸಾಯಂಕಾಲ ಬರ್ತೀನಿ."

ಹೋದ ವರ್ಷ ಅವಳೊಂದು ಮಾಯಾಲೋಕದ ಕಾದಂಬರಿ ಓದಿದ್ದಳು. ಅದರಲ್ಲಿ ಒಬ್ಬ ಗೃಹಿಣಿ ಬೀರುವಿನ ಬಾಗಿಲು ತೆರೆದರೆ ಒಳಗೆ ಅವಳದೇ ಊರು, ಅವಳದೇ ಬೀದಿ. ಆದರೆ ಅಲ್ಲಿ ನೆರಳುಗಳು ಮನುಷ್ಯರಿಗಿಂತ ಮುಂದೆ ನಡೆಯುತ್ತವೆ, ಹೆಸರು ಹಿಡಿದು ಕರೆದರೆ ದೀಪಗಳು ಹೊತ್ತಿಕೊಳ್ಳುತ್ತವೆ. ಕೊನೆಯ ಪುಟದಲ್ಲಿ ಬಾಗಿಲು ಮುಚ್ಚತೊಡಗಿದೆ; ಗೃಹಿಣಿಯ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ಮುಂದೇನೆಂದು ಎರಡನೇ ಭಾಗದಲ್ಲಿ ನೋಡಿ ಎಂದು ಬರೆದು ಕೈತೊಳೆದುಕೊಂಡಿದ್ದರು. ಅವಳು ಮನೆಗೆ ಬಂದಳೋ ಇಲ್ಲವೋ? ಅಂದಿನಿಂದ ಯಾರ ಕಾಲರು ಒತ್ತುತ್ತಿದ್ದರೂ ಕಾಲರಕ್ಕನಿಗೆ ಅದೇ ಚಿಂತೆ.

ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದವಳಿಗೆ ರೇಡಿಯೋ ಎಂದು ಹೆಸರು. ಕಾರಣ ಹೇಳಬೇಕಿಲ್ಲ. ಅವಳು ಕಾಲರಕ್ಕನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಸಿದುಕೊಂಡಳು.

"ಕೂತ್ಕೋ ಅಕ್ಕ. ಎಲ್ಲಾ ಕೇಳಿಸ್ಕೊಂಡೆ."

"ಅಯ್ಯೋ, ಯಾರಿಗೂ ಹೇಳ್ಬೇಡ ಮಾರಾಯ್ತಿ!"

"ನನ್ನ ಬಾಯಿಂದ ಬರುತ್ತಾ? ಆದ್ರೂ ಮೊದಲನೇದಕ್ಕೂ ಇದಕ್ಕೂ ಇಷ್ಟು ಅಂತರ ಆಯ್ತಲ್ಲ."

"ಏನ್ಮಾಡೋದು ಹೇಳು. ಬರೆಯೋರು ಬರೀಬೇಕು. ನಮ್ಮ ಕೈಲೇನಿದೆ?"

ರೇಡಿಯೋ ಭಕ್ತಿಯಿಂದ ಮೇಲೆ ನೋಡಿದಳು. "ನಿಜ ಕಣಕ್ಕ. ಅವನು ಬರೆದ ಹಾಗೇ ಆಗೋದು."

ಕಾಲರಕ್ಕನೂ ಮೇಲೆ ನೋಡಿದಳು. ಅಲ್ಲಿ ಫ್ಯಾನು ತಿರುಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮಾಲೀಕರು ತಮ್ಮ ಮೆತ್ತೆಯ ಕುರ್ಚಿಯನ್ನೇ ತಂದಿಟ್ಟರು. ಕೋಟುಗಳ ಗಂಟನ್ನು ಅವಳು ಮುಟ್ಟಲು ಹೋದರೆ ನಾಲ್ಕು ಕಡೆಯಿಂದ "ಬೇಡ, ಬೇಡ!" ಎಂದರು. ಒಂದು ಪುಸ್ತಕಕ್ಕೆ ಇಷ್ಟು ಮರ್ಯಾದೆಯೇ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಅದನ್ನು ನೋಡಿ ರೇಡಿಯೋ, "ಈ ಟೈಮಲ್ಲಿ ಹಾಗೇ, ಸುಮ್ಸುಮ್ನೆ ಅಳು ಬರುತ್ತೆ," ಎಂದಳು.

ಸಂಜೆ ಲೈಬ್ರರಿಯವರು ಬೀಗದ ಕೈ ಹಿಡಿದೇ ನಿಂತಿದ್ದರು. ಖಾಕಿ ರಟ್ಟು ಕಟ್ಟಿದ ದಪ್ಪ ಪುಸ್ತಕ ಕೊಟ್ಟು, "ಒಂದಕ್ಕೇ ಕಿತ್ತಾಡ್ತಿದ್ರಿ. ಇನ್ನು ಜಗಳ ಇಲ್ಲ," ಎಂದರು. ಅವಳ ಕಿವಿಗೆ ಏನೂ ಹೋಗಲಿಲ್ಲ. ಅಲ್ಲೇ ತೆರೆದರೆ ದಾರಿಯಲ್ಲಿ ಓದುತ್ತಾ ಗಾಡಿಗೆ ಸಿಕ್ಕಿಕೊಂಡೇನೆಂದು ತೆರೆಯಲೂ ಇಲ್ಲ. ಮನೆಯಲ್ಲಿ ಅತ್ತೆಯ ಕಣ್ಣಿಗೆ ಬೀಳಬಾರದೆಂದು ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿ ಗುಂಡಿ ಹಾಕಿಕೊಂಡಳು.

ಬಾಗಿಲಲ್ಲೇ ಅತ್ತೆ. ಅವರ ಹಿಂದೆ, ಎಂದೂ ಇಷ್ಟು ಬೇಗ ಬಾರದ ಗಂಡ. ಪಕ್ಕದಲ್ಲಿ, ಬೇರೆ ದಾರಿಯಿಂದ ಮೊದಲೇ ತಲುಪಿದ್ದ ರೇಡಿಯೋ.

ಅತ್ತೆಯ ಕಣ್ಣು ನೇರ ಸ್ವೆಟರಿಗೆ ಹೋಯಿತು. "ಇಷ್ಟು ದೊಡ್ಡದಾಗೋವರೆಗೂ ಬಾಯಿ ಬಿಡಲಿಲ್ಲವಲ್ಲೇ ಮಾರಾಯ್ತಿ! ಮಗಳು ಕಾಲೇಜಿಗೆ ಹೋಗ್ತಿದ್ದಾಳೆ!"

"ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ?" ಎಂದ ಗಂಡ, ನೆಲಕ್ಕೆ ಹೇಳಿದಂತೆ.

"ಏನನ್ನ?" ಎಂದು ಅವಳು ಕೈ ಎತ್ತಿದಳು. ಗುಂಡಿ ಕಿತ್ತುಹೋಯಿತು. ಎರಡನೇದು ಧೊಪ್ಪೆಂದು ಹೊಸ್ತಿಲ ಮೇಲೆ ಬಿತ್ತು.

ಅತ್ತೆ ಬಗ್ಗಿ ನೋಡಿ, ಕನ್ನಡಕ ಸರಿಮಾಡಿಕೊಂಡು, "ಹೋಲಿಕೆ ನಮ್ಮ ಕಡೆಯದಲ್ಲ ಬಿಡು," ಎಂದರು.

ಗಂಡನಿಗೆ ನಗು ತಡೆಯಲಾಗಲಿಲ್ಲ. ನಗುವಿಗಿಂತ ನಿರಾಳವೇ ಜಾಸ್ತಿ ಇತ್ತು. ರೇಡಿಯೋ ಮಾತ್ರ, "ನಾನು ಲಾಂಡ್ರಿಗೆಲ್ಲ ಏನು ಮುಖ ತೋರಿಸ್ಲಿ ಅಕ್ಕ?" ಎಂದು ಗೋಡೆಗೆ ಒರಗಿದಳು. ಕಾಲರಕ್ಕ ನಾಚಿಕೆಯಿಂದಲೇ ಬೀರು, ಬಾಗಿಲು, ಅಲ್ಲೊಂದು ಇಲ್ಲೊಂದು ಕಾಲು ಎಲ್ಲವನ್ನೂ ಹೇಳಿದಳು. ಮಾಟಮಂತ್ರದ ಮಕ್ಕಳಾಟ ಎಂದು ಅತ್ತೆ ಬೈಯುತ್ತಾರೆಂದು ಅವಳು ಅಂದುಕೊಂಡಿದ್ದರೆ, ಅವರು ಚಾಪೆ ಹಾಸಿದರು.

"ಇಲ್ಲೇ ಕೂತು ಓದು. ಅಡುಗೆ ಅವನು ಮಾಡ್ತಾನೆ. ಬಂದಳಾ ಅವಳು? ಅಷ್ಟು ಹೇಳಿಬಿಡು, ಮನಸ್ಸಿಗೆ ಒಂಥರಾ ಆಗ್ತಿದೆ."

ಮದುವೆಯಾದ ಮೇಲೆ ಈ ಮನೆಯ ನಡುಮನೆಯಲ್ಲಿ, ಬೆಳಕಿರುವಾಗಲೇ, ಎಲ್ಲರೆದುರು ಅವಳು ಪುಸ್ತಕ ತೆರೆದದ್ದು ಅದೇ ಮೊದಲು. ಮೊದಲ ಸಾಲು ಓದಿದಳು. ಗೃಹಿಣಿ ಬೀರುವಿನ ಬಾಗಿಲು ತೆರೆಯುತ್ತಿದ್ದಳು.

ಹಾಳೆ ತಿರುಗಿಸಿದಳು. ನೆರಳುಗಳು ಮುಂದೆ ನಡೆಯುತ್ತಿದ್ದವು. ಕೊನೆಗೆ ಹಾರಿದಳು. ಅಲ್ಲೊಂದು ಕಾಲು, ಇಲ್ಲೊಂದು ಕಾಲು. ಅದೇ ಪುಸ್ತಕ. ಲೈಬ್ರರಿಗೆ ಬಂದದ್ದು ಎರಡನೇ ಭಾಗವಲ್ಲ, ಮೊದಲನೆಯದರದೇ ಎರಡನೇ ಪ್ರತಿ. ಊರೆಲ್ಲ ಒಂದು ಮಾತನ್ನು ತಪ್ಪು ತಿಳಿದುಕೊಂಡಿತ್ತು; ಅದೇ ಮಾತನ್ನು ಅವಳು ಎಲ್ಲರಿಗಿಂತ ಮೊದಲೇ ತಪ್ಪು ತಿಳಿದುಕೊಂಡಿದ್ದಳು.

"ಏನಾಯ್ತೇ?" ಅತ್ತೆ ಹತ್ತಿರ ಸರಿದರು. "ಪಾಪ, ಬೇಗ ಬರ್ಲಿ. ಮನೇಲಿ ಎಲ್ಲಾ ಕಾಯ್ತಿರ್ತಾರೆ."

"ಒಗ್ಗರಣೆಗೆ ಎಣ್ಣೆ ಎಲ್ಲಿದೆ?" ಎಂದು ಒಳಗಿನಿಂದ ಗಂಡ ಕೂಗಿದ.

"ಬರ್ತಾಳೆ ಅತ್ತೆ," ಎಂದಳು ಕಾಲರಕ್ಕ, ಪುಟದಿಂದ ಕಣ್ಣೆತ್ತದೆ. ಆಮೇಲೆ ಮನಸ್ಸಿನಲ್ಲೇ, ಈಚೆ ಉಳಿದಿದ್ದ ಗೃಹಿಣಿಯ ಆ ಒಂದು ಕಾಲನ್ನೂ ಮೆಲ್ಲಗೆ ಆಚೆಗೆ ಎತ್ತಿಟ್ಟು, ಸದ್ದಾಗದಂತೆ ಬಾಗಿಲು ಮುಚ್ಚಿದಳು.