ಮಾಸ್ತರರೂ ಕಬ್ಬಿಣದ ಗುಳಿಗೆಯೂ

ಹಿರೇಕೆರೂರಿನಲ್ಲಿ ಡಾಕ್ಟರಾಗಿದ್ದಷ್ಟು ದಿನ ನನಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ಒಂದು ಗುಳಿಗೆ ಬರೆದುಕೊಟ್ಟರೆ ಸಾಕು, ಉಳಿದದ್ದನ್ನು ರೋಗಿಗಳೇ ನೋಡಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಕೊನೆ. ಹಂಸಭಾವಿಯ ನಿವೃತ್ತ ಸಂಸ್ಕೃತ ಮಾಸ್ತರರೊಬ್ಬರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರವಾರ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಷೀನಿನಲ್ಲಿ ರಕ್ತ ತೊಳೆಸಿಕೊಂಡು ಬರುತ್ತಿದ್ದರು. ರಕ್ತ ಸ್ವಚ್ಛವಾಗುತ್ತಿತ್ತು, ಆದರೆ ಮೈಯಲ್ಲಿ ರಕ್ತವೇ ಕಡಿಮೆಯಿತ್ತು. ಅದು ಏರದಿದ್ದರೆ ಬೇರೆಯವರ ರಕ್ತ ಹಾಕಲೇಬೇಕು ಎಂದರು ಅಲ್ಲಿಯ ಡಾಕ್ಟರು. ಮನೆಯವರಲ್ಲಿ ರಕ್ತ ಹೊಂದಿದ್ದು ಒಬ್ಬನದೇ: ಸವಣೂರಿನಲ್ಲಿ ಅರಳೆ ವ್ಯಾಪಾರ ಮಾಡುವ ಹೆಂಡತಿಯ ತಮ್ಮ. ಮಾಸ್ತರರಿಗೂ ಅವನಿಗೂ ಮಾತಿರಲಿಲ್ಲ.

"ಅವನ ಮನಿ ನೀರು ಮುಟ್ಟಂಗಿಲ್ಲ ನಾನು. ರಕ್ತ ತಗೋತೇನೇನು?"

ರಕ್ತ ಏರಲೆಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟೆ.

ಚಹಾ

ತಿಂಗಳಾದರೂ ರಕ್ತ ಏರಲಿಲ್ಲ. ಗುಳಿಗೆ ಹೇಗೆ ನುಂಗುತ್ತೀರಿ ಎಂದು ಕೇಳಿದೆ.

"ಚಹಾದ ಕೂಡ."

ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನೀರಿನ ಜೊತೆ ನುಂಗಿರಿ ಎಂದೆ.

"ಕಿಡ್ನಿ ಕೆಟ್ಟದ, ನೀರು ಕಡಿಮಿ ಕುಡೀರಿ ಅಂದವರು ನೀವ. ಅದಕ್ಕಂತ ನೀರು ಪೂರಾ ಬಿಟ್ಟು ಚಹಾಕ್ಕ ಬಂದೇನಿ!"

ಕಪ್ಪು

ಚಹಾ ಬಿಟ್ಟರು. ಎರಡು ವಾರಕ್ಕೆ ಗುಳಿಗೆಯನ್ನೂ ಬಿಟ್ಟು ಬಂದರು. ಮಲ ಕಪ್ಪಗಾಗಿತ್ತು.

"ಕಬ್ಬಿಣ ತಿಂದ್ರ ಹಂಗ ಆಗ್ತದ," ಎಂದೆ.

"ಹೊರಗ ಬಂದದ್ದು ನಾ ಕಣ್ಣಾರೆ ನೋಡೇನಿ. ಒಳಗ ಉಳದದ್ದು ನೀವು ನೋಡೀರೇನು?"

ತರ್ಕಶಾಸ್ತ್ರದ ಮನೆತನ. ಎದುರು ವಾದಿಸಲು ನನ್ನಲ್ಲಿ ಬರೀ ಎಂ.ಬಿ.ಬಿ.ಎಸ್. ಇತ್ತು.

ಕೆಂಪು ಸೂಜಿ

ಆಮೇಲೆ ಶಿಗ್ಗಾವಿಯ ಬೀಗರು ಯಾರೋ ರಕ್ತ ಏರಿಸುವ ಕೆಂಪು ಸೂಜಿಮದ್ದಿನ ಮಹಿಮೆ ಹೇಳಿದರು. ಮಾಸ್ತರರು ಬಂದು ತೋಳು ಚಾಚಿದರು.

"ಅದನ್ನ ಹಾಕ್ರಿ. ರಕ್ತ ಅಂದ್ರ ಅದ. ಯಾರ ಹಂಗೂ ಇಲ್ಲ."

"ಅದು ವಿಟಮಿನ್ ರಿ. ಬಣ್ಣ ಅಷ್ಟ ಕೆಂಪು."

ಮಾಸ್ತರರು ತೋಳು ಹಿಂದೆ ತೆಗೆದುಕೊಂಡರು. "ಹಂಗಾರ ನನ್ನ ಹೆಂಡ್ತಿ ತಮ್ಮನ ಹಂಗ. ನೋಡ್ಲಿಕ್ಕಷ್ಟ ಚೆಂದ."

ಬಾಟ್ಲಿ

ಕೊನೆಗೆ ಬಸ್ಸಿನ ಮೆಟ್ಟಿಲು ಹತ್ತಲೂ ಆಗದ ಸ್ಥಿತಿ ಬಂತು. ಹೆಂಡತಿ ಯಾರನ್ನೂ ಕೇಳದೆ ತಮ್ಮನನ್ನು ಹುಬ್ಬಳ್ಳಿಗೆ ಕರೆಸಿದರು. ಅವನು ತೋಳು ಕೊಟ್ಟ. ಮಾಸ್ತರರು ಗೋಡೆಯ ಕಡೆ ಮುಖ ಮಾಡಿ ಒಂದು ಬಾಟ್ಲಿ ರಕ್ತ ಹಾಕಿಸಿಕೊಂಡರು.

ಮರುದಿನ ನನ್ನಲ್ಲಿಗೆ ಬಂದಾಗ ಮುಖಕ್ಕೆ ಕಳೆ ಬಂದಿತ್ತು. ಬಿಗುಮಾನ ಹಾಗೇ ಇತ್ತು. ಹೆಂಡತಿ ಮಾತ್ರ ಉಬ್ಬಿದ್ದರು.

"ಇನ್ನ ನನ್ನ ತವರಿಗೆ ಬೈರಿ ನೋಡೋಣ. ನಿಮಗ ನೀವ ಬೈಕೊಂಡಂಗ!"

ಮಾಸ್ತರರು ಆಕೆ ಹೊರಗೆ ಹೋಗುವವರೆಗೆ ಕಾದು, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ಡಾಕ್ಟರ, ಮುಂದಿನ ವಾರ ಮತ್ತ ಮಷೀನಿಗೆ ಹಾಕಿ ರಕ್ತ ತೊಳೀತಾರಲ್ರಿ..."

"ಹೌದು."

"ಅದರಾಗ ಇಕಿ ತಮ್ಮನೂ ತೊಳದು ಹೋಗ್ತಾನೇನ್ರಿ?"