ನೆತ್ತಿ ಮೂಸುವ ಮಾವ

ನಮ್ಮ ಸೋದರಮಾವನ ಮೂಗು ಪೊಲೀಸ್ ಇಲಾಖೆಗೆ ಸೇರಿದ್ದರೆ ಇಷ್ಟು ಹೊತ್ತಿಗೆ ಪ್ರಮೋಷನ್ ಮುಗಿಸಿ ಪೆನ್ಷನ್ ತೆಗೆದುಕೊಳ್ಳುತ್ತಿತ್ತು. ನಾಯಿಗಳಿಗೆ ಅನ್ಯಾಯವಾಗುತ್ತಿತ್ತು, ಅದು ಬೇರೆ ಮಾತು! ಅಂಥ ಮೂಗನ್ನು ಅವರು ಬಳಸುತ್ತಿದ್ದದ್ದು ಒಂದೇ ಕೆಲಸಕ್ಕೆ: ಹುಡುಗರ ನೆತ್ತಿ ಮೂಸುವುದಕ್ಕೆ.

ಪೌರಾಣಿಕ ನಾಟಕಗಳಲ್ಲಿ ತಂದೆ ಮಗನನ್ನು ತಬ್ಬಿ ನೆತ್ತಿ ಮೂಸುತ್ತಾನಲ್ಲ, ಹಾಗೆಯೇ. ಆದರೆ ನಾಟಕದ ತಂದೆ ವಾತ್ಸಲ್ಯಕ್ಕೆ ಮೂಸಿದರೆ, ಮಾವ ಮೂಸುತ್ತಿದ್ದದ್ದು ಹುಡುಗ ಸಿಗರೇಟು ಸೇದಿದ್ದಾನೋ ಇಲ್ಲವೋ ಎಂದು ತಿಳಿಯಲು. ಬಾಯಿಗೆ ಏಲಕ್ಕಿ ಹಾಕಿಕೊಳ್ಳಬಹುದು, ಪೆಪ್ಪರಮಿಂಟು ಹಾಕಿಕೊಳ್ಳಬಹುದು. ಕೂದಲಿಗೆ ಏನು ಹಾಕಿಕೊಳ್ಳುತ್ತೀರಿ? ಇದು ಅವರ ಸಿದ್ಧಾಂತ.

ಹಾಗಾದರೆ ಮಾವ ಧೂಮಪಾನ ವಿರೋಧಿ ಸಂಘದ ಅಧ್ಯಕ್ಷರೇ? ಎಲ್ಲಿ ಬಂತು! ಅವರ ಕೆಲಸ ಸಿಗರೇಟು ಮಾರುವುದು. ತೊಂಬತ್ತರ ದಶಕದಲ್ಲಿ ಅರಸೀಕೆರೆ, ಬಾಣಾವರ, ಬೇಲೂರು, ಹಳೇಬೀಡಿನ ಅಂಗಡಿಗಳಿಗೆ ವ್ಯಾನಿನಲ್ಲಿ ಸರಕು ಹಾಕುತ್ತಿದ್ದವರು ಅವರೇ. ತಾವು ಒಂದು ಸಲವೂ ಸೇದಿದವರಲ್ಲ. ಆದರೂ ಮನೆ ತುಂಬ ಕಂಪನಿ ಕೊಟ್ಟ ಸಾಮಾನು: ಗಡಿಯಾರ, ಛತ್ರಿ, ಟೋಪಿ, ಮತ್ತು ಗಾಜಿನ ಆಶ್‌ಟ್ರೇಗಳು. ಸೇದುವವರೇ ಇಲ್ಲದ ಮನೆಯಲ್ಲಿ ಅವನ್ನು ಏನು ಮಾಡುವುದು? ಅತ್ತೆ ಒಂದರಲ್ಲಿ ಅರಿಶಿನ, ಇನ್ನೊಂದರಲ್ಲಿ ಕುಂಕುಮ ತುಂಬಿಟ್ಟರು. ಗೌರಿಹಬ್ಬಕ್ಕೆ ಬಂದ ಮುತ್ತೈದೆಯರು, "ಎಷ್ಟ್ ಚೆನ್ನಾಗಿದೆ ಕಣ್ರೀ ಬಟ್ಲು! ಬೆರಳಿಡೋಕೆ ಜಾಗ ಬೇರೆ ಮಾಡಿದಾರೆ" ಎಂದು ಹೊಗಳಿ, ಹಣೆಗಿಟ್ಟುಕೊಂಡು ಹೋದರು.

ಇಡೀ ದಿನ ಸಿಗರೇಟಿನ ಪೆಟ್ಟಿಗೆಗಳ ನಡುವೆ ಕೂತು ಬರುವ ಮಾವನ ಮೈಯೆಲ್ಲ ತಂಬಾಕು. ಬರುತ್ತಿರುವ ವಾಸನೆ ತಮ್ಮ ಅಂಗಿಯದೋ ಮಗನ ತಲೆಯದೋ, ತಿಳಿಯುವುದು ಹೇಗೆ? ಅದಕ್ಕೇ ಮನೆಗೆ ಬಂದವರೇ ಯಾರನ್ನೂ ಮುಟ್ಟದೆ ಬಚ್ಚಲಿಗೆ ನಡೆದು, ಸೀಗೆಪುಡಿ ಹಾಕಿ ತಿಕ್ಕಿ ಮಿಂದು, ಆಮೇಲೆ "ಬಾರೋ ರವಿ" ಎಂದು ಕರೆಯುತ್ತಿದ್ದರು. ರವಿ ಅವರ ಒಬ್ಬನೇ ಮಗ, ಕಾಲೇಜು ಹುಡುಗ. "ಹೋಗೋ, ನಿಮ್ಮಪ್ಪನ ಮಡಿಸ್ನಾನ ದೇವರಿಗಲ್ಲ, ನಿನ್ನ ತಲೆಗೆ" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗುವರು.

ಬಾಣಾವರದ ಮದುವೆಯೊಂದರಲ್ಲಿ ಅಕ್ಷತೆ ಹಾಕಲು ಹೋದ ಮಾವ ಮದುಮಗನ ನೆತ್ತಿಗೂ ಮೂಗಿಟ್ಟರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಏನ್ ಪ್ರೀತಿ ನೋಡು!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಾವ ಮಂಟಪದಿಂದ ಇಳಿದು ಬಂದು, ಮುಖ ಗಂಟಿಕ್ಕಿಕೊಂಡು ನನ್ನ ಪಕ್ಕ ಕೂತರು.

"ಸೇದ್ತಾನೆ ಕಣೋ."

"ಹೋಗ್ಲಿ ಬಿಡಿ ಮಾವ."

"ಅದೂ ಬೇರೆ ಕಂಪನೀದು!"

ಅಂಗಡಿಗಳಿಗೆ ಸರಕು ಹಾಕಿದರಷ್ಟೇ ಸಾಲದು. ಬಸ್‌ಸ್ಟ್ಯಾಂಡು, ಆಟದ ಮೈದಾನಗಳ ಹತ್ತಿರ ವ್ಯಾನ್ ನಿಲ್ಲಿಸಿ, ಜೋರಾಗಿ ಹಾಡು ಹಾಕಿ, ಪುಕ್ಕಟೆ ಸಿಗರೇಟು ಮತ್ತು ಒಂದೊಂದು ಟೋಪಿ ಹಂಚಬೇಕಿತ್ತು. ಮೊದಮೊದಲು ಮಾವ ಮೀಸೆ ಬಲಿತವರಿಗೆ ಮಾತ್ರ ಕೊಡುತ್ತಿದ್ದರು. ಸೂಪರ್‌ವೈಸರ್ ಬಂದು ನೋಡಿ ನಕ್ಕ.

"ಮೀಸೆ ಬಂದೋನು ಹೆಂಡ್ತೀನ ಬಿಟ್ರೂ ತನ್ನ ಬ್ರ್ಯಾಂಡ್ ಬಿಡಲ್ಲ ಕಣ್ರೀ. ಮೀಸೆ ಬರ್ತಾ ಇರೋನನ್ನ ಹಿಡೀರಿ. ಸಾಯೋವರೆಗೂ ನಮ್ಮೋನು!"

ಮಾವ ಕೆಲಸಕ್ಕೆ ನಿಯತ್ತಿನವರು. ಹಿಡಿದರು. ಆದರೆ ಒಂದು ಉಪಾಯ ಮಾಡಿದರು. ಅರಸೀಕೆರೆ ಮಗ ಓದುವ ಊರು. ಅಲ್ಲಿ ಪುಕ್ಕಟೆ ಸಿಗರೇಟಿನ ಪೆಟ್ಟಿಗೆ ಬಿಚ್ಚಲೇ ಇಲ್ಲ. ಅರಸೀಕೆರೆಯ ಪಾಲನ್ನೂ ಬೇಲೂರಿಗೆ ಸಾಗಿಸಿ, ಅಲ್ಲೇ ಹಂಚಿ ಬರುತ್ತಿದ್ದರು. ಇದು ಅತ್ತೆಗೆ ಗೊತ್ತಾಯಿತು.

"ಬೇಲೂರ್ ಹುಡುಗ್ರೇನು ಮರದಲ್ಲಿ ಬಿಟ್ಟಿದಾವೇನ್ರೀ?"

"ಅವರನ್ನ ಅವರಪ್ಪಂದಿರು ಮೂಸ್ಕೊಳ್ಲಿ!"

ಹೀಗಿರುವಾಗ ಒಂದು ಸಂಜೆ ನಾನೂ ಅವರ ಮನೆಯಲ್ಲಿದ್ದೆ. ಮಾವ ಮಿಂದು ಬಂದು ರವಿಯ ನೆತ್ತಿಗೆ ಮೂಗಿಟ್ಟವರು ತೆಗೆಯಲೇ ಇಲ್ಲ.

"ಏನ್ರೀ? ಸೇದಿದಾನಾ?" ಎಂದರು ಅತ್ತೆ.

"ಹೂಂ."

"ಅಯ್ಯೋ! ಯಾವ್ದು?"

"ನಮ್ದೇ."

ರವಿ ನೆಲ ನೋಡುತ್ತಾ ಹೇಳಿದ: "ವಾಲಿಬಾಲ್ ಮ್ಯಾಚಿಗೆ ಬೇಲೂರಿಗೆ ಹೋಗಿದ್ವಲ್ಲ ಅಪ್ಪ, ಅಲ್ಲಿ ನಿಮ್ಮ ವ್ಯಾನ್ ನಿಂತಿತ್ತು. ನೀವು ಕಾಫಿಗೆ ಹೋಗಿದ್ರಿ. ಡ್ರೈವರ್ ಕೊಟ್ಟ. ಟೋಪೀನೂ ಕೊಟ್ಟ."

"ಆಮೇಲೆ?"

"ಆಮೇಲಿಂದ ನಾನೇ ಕೊಂಡ್ಕೋತೀನಿ."

"ನಂಗೆ ಗೊತ್ತೇ ಆಗ್ಲಿಲ್ವಲ್ಲೋ!"

"ನೀವು ಬರೋಕ್ ಮುಂಚೆ ನಾನೂ ಸೀಗೆಪುಡಿ ಹಾಕ್ಕೋತಿದ್ದೆ. ಇವತ್ತು ನೀವು ಬೇಗ ಬಂದ್ಬಿಟ್ರಿ."

ಹೊಡೆಯುತ್ತಾರೆ ಎಂದುಕೊಂಡೆವು. ಮಾವ ಒದ್ದೆ ಟವೆಲ್ಲಿನಲ್ಲೇ ಕೂತು "ಊಟಕ್ಕೆ ಹಾಕು" ಎಂದರು. ಹಾಕಿದ್ದನ್ನು ಉಣ್ಣಲಿಲ್ಲ. ಅಂದಿನಿಂದ ಮಗನನ್ನು ಕರೆಯಲೂ ಇಲ್ಲ, ಮಾತಾಡಿಸಲೂ ಇಲ್ಲ.

ಇಲ್ಲಿ ಮಾವ ರಾಜೀನಾಮೆ ಬಿಸಾಕಿದರು ಎಂದು ಬರೆದರೆ ಚೆಂದ. ಬಿಸಾಕಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ವ್ಯಾನ್ ಹತ್ತಿದರು. ಆದರೆ ಹಂಚುವುದನ್ನು ಡ್ರೈವರಿಗೆ ಬಿಡದೆ ತಾವೇ ಕೂತರು. ಬೇಲೂರಿನಲ್ಲಾಗಲಿ ಹಳೇಬೀಡಿನಲ್ಲಾಗಲಿ, ಕೈ ಚಾಚಿದ ಹುಡುಗರಿಗೆಲ್ಲ ಒಂದೇ ಪ್ರಶ್ನೆ: "ಯಾರ ಮಗನಪ್ಪ ನೀನು?"

ನಮ್ಮ ಕಡೆ ಹಿರಿಯರು ಯಾವ ಹುಡುಗನನ್ನೇ ಕಂಡರೂ ಮೊದಲು ಕೇಳುವುದು ಅದನ್ನೇ. ಉತ್ತರ ಕೊಡದೆ ಇರುವಂತಿಲ್ಲ. ಕೊಟ್ಟರೆ ಸಂಜೆಯೊಳಗೆ ಸುದ್ದಿ ಅಪ್ಪನ ಕಿವಿಗೆ! ಚಾಚಿದ ಕೈಗಳು ಒಂದೊಂದಾಗಿ ಜೇಬು ಸೇರಿದವು. ಹಳೇಬೀಡಿನಲ್ಲಿ ಒಬ್ಬ ಮಾತ್ರ ಗದರಿಕೊಂಡ.

"ಏನಣ್ಣ, ಸಿಗರೇಟ್ ಕೊಡೋಕೂ ಮನೆತನ ಕೇಳ್ತೀಯ?"

"ಹೆಣ್ಣು ಕೊಡೋರು ಕೇಳಲ್ವೇನ್ಲಾ? ಇದೂ ಸಾಯೋಗಂಟ ಜೊತೇಲಿರೋದೇ. ಹೇಳು, ಯಾರ ಮಗ?"

ಸಿಗರೇಟು ಪೆಟ್ಟಿಗೆ ಪೆಟ್ಟಿಗೆಯೇ ವಾಪಸು ಬರತೊಡಗಿತು. ಸೂಪರ್‌ವೈಸರ್ ಬೈದು ನೋಡಿದ, ಆಮೇಲೆ ವ್ಯಾನನ್ನು ಇನ್ನೊಬ್ಬನಿಗೆ ಕೊಟ್ಟ. ಇನ್ನೊಬ್ಬ ಯಾರನ್ನೂ ಏನೂ ಕೇಳಲಿಲ್ಲ.

ರವಿ ಈಗ ಸೇದುವುದಿಲ್ಲ. ಬಿಡಲು ವರ್ಷಗಳೇ ಹಿಡಿದವು. ಬಿಡಬೇಕೆಂದು ಮೊದಲು ಅನ್ನಿಸಿದ್ದು ಯಾವಾಗ ಎಂದು ಕೇಳಿದರೆ ಒಂದು ಸಂಗತಿ ಹೇಳುತ್ತಾನೆ. ಅದು ನಡೆದೇ ಇಲ್ಲ ಎನ್ನುತ್ತಾರೆ ಅತ್ತೆ. ಮಾವನನ್ನು ಕೇಳಿದರೆ ಎದ್ದು ಹೋಗುತ್ತಾರೆ. ಇಷ್ಟು ಅಚ್ಚುಕಟ್ಟಾಗಿರುವುದರಿಂದ ನನಗೂ ಅನುಮಾನವೇ.

ಮಾವನ ಕೈಯಲ್ಲಿ ವ್ಯಾನ್ ಇನ್ನೂ ಇದ್ದ ದಿನಗಳು. ಮನೆಯಲ್ಲಿ ಅಪ್ಪ ಮಾತಾಡುವುದಿಲ್ಲವೆಂಬ ಸಿಟ್ಟಿಗೆ ರವಿ ಬಸ್ಸು ಹತ್ತಿ ಬೇಲೂರಿಗೆ ಹೋದನಂತೆ. ಉಳಿದ ಹುಡುಗರ ಜೊತೆ ವ್ಯಾನಿನ ಮುಂದೆ ನಿಂತು ತಾನೂ ಕೈ ಚಾಚಿದನಂತೆ. ಮಾವ ಬಗ್ಗಿ ಪೆಟ್ಟಿಗೆ ಬಿಚ್ಚುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಯಾರ ಮಗನಪ್ಪ ನೀನು?"

ಎದುರುತ್ತರ ಕೊಡಲೆಂದೇ ಅಷ್ಟು ದೂರ ಹೋದವನು ಹೇಳಿದ್ದು ಇಷ್ಟೇ:

"ನಿಮ್ಮೋನೇ, ಅಪ್ಪ."

ಮಗ ಚಾಚಿದ ಆ ಕೈಯನ್ನು ಹಿಡಿದುಕೊಂಡೇ ಮಾವ ವ್ಯಾನಿನಿಂದ ಇಳಿದರಂತೆ.