ಗಣಕದ ಕರ್ನಲ್ ದೋಷವನ್ನು ಯಾರ ಹೆಸರೂ ಎತ್ತದೆ ಸರಿಪಡಿಸುವ ಬಗ್ಗೆ

ಕಡಲ ಕರೆ ಇಲಾಖೆ, ಹೋಬಾರ್ಟ್
ಸಂಖ್ಯೆ: ಕಕಇ/ಗಣಕ/ಮರುಪರಿಶೀಲನೆಯ ಮರುಪರಿಶೀಲನೆ/೭

ಸುತ್ತೋಲೆ

ವಿಷಯ: ಕರೆ ಕೊಠಡಿಯ ಗಣಕದ ಮೂಲ ತಂತ್ರಾಂಶವಾದ ಕರ್ನಲ್‌ನಲ್ಲಿ ಟ್ರೇಸಿಂಗ್ ಕೋಡ್‌ನ ದೋಷ ಹಾಗೂ ಸಿಬ್ಬಂದಿಯ ಅತ್ಯುತ್ಸಾಹ.

ಉಲ್ಲೇಖ: ಪ್ರೋಗ್ರಾಮರ್ ಮೆರೆಡಿತ್ ಪಿಬಸ್ ಅವರು ಯಾರೂ ಕೇಳದೆ ಸಲ್ಲಿಸಿದ ಒಂದು ಸಾಲಿನ ತಿದ್ದುಪಡಿ.

ಆಪತ್ತಿನಲ್ಲಿರುವ ದೋಣಿಗಳ ಕರೆ ಹಿಡಿಯುವ ಗಣಕದಲ್ಲಿ, ಒಳಗೆ ನಡೆದದ್ದನ್ನೆಲ್ಲ ಬರೆದಿಡುವ ಟ್ರೇಸಿಂಗ್ ಕೋಡ್ ತಾನು ಬರೆಯುತ್ತಿರುವುದನ್ನೂ ಬರೆಯಲು ಹೊರಟು, ಹಾಗೆ ಬರೆದದ್ದನ್ನೂ ಮತ್ತೆ ಬರೆಯುತ್ತ, ಗಣಕವನ್ನೇ ಸ್ತಬ್ಧಗೊಳಿಸುತ್ತಿದೆ ಎಂಬುದು ಸದರಿಯವರ ದೂರು. ಇದು ಇಲಾಖೆಯ ಕಾರ್ಯವಿಧಾನಕ್ಕೆ ಅನುಗುಣವಾಗಿಯೇ ಇರುವುದರಿಂದ ದೋಷವೆನ್ನಲು ಬರುವುದಿಲ್ಲ. ಆದಾಗ್ಯೂ ಕೆಳಕಂಡಂತೆ ಸೂಚಿಸಲಾಗಿದೆ.

೧. ಒಂದೇ ಸಾಲಿನ ತಿದ್ದುಪಡಿಗೆ ಸಮಿತಿ ರಚಿಸಲು ಅವಕಾಶವಿಲ್ಲ. ಸದರಿ ಸಾಲನ್ನು ಕನಿಷ್ಠ ಒಂದು ಪುಟಕ್ಕೆ ಹಿಗ್ಗಿಸಿ ಮರುಸಲ್ಲಿಸತಕ್ಕದ್ದು.

೨. ತಿದ್ದುಪಡಿಯ ಕೆಳಗೆ, ದೋಷವಿದ್ದ ಕೋಡನ್ನು ಬರೆದವರ ಹೆಸರು ಕಾಣಿಸುವ ಕೀಳು ಪದ್ಧತಿಯೊಂದು ಕರ್ನಲ್ ಬರೆಯುವವರಲ್ಲಿದೆ. ಸದರಿ ತಿದ್ದುಪಡಿಯಲ್ಲಿ ಮಾನ್ಯ ನಿರ್ದೇಶಕರ ಹೆಸರು ಕಾಣಿಸಿಕೊಂಡಿದೆ. ಇನ್ನು ಮುಂದೆ ಎಲ್ಲ ದೋಷಗಳೂ ತಾವಾಗಿಯೇ ಹುಟ್ಟಿದವೆಂದು ನಮೂದಿಸತಕ್ಕದ್ದು.

೩. ಸಭೆಯಲ್ಲಿ ಶ್ರೀಮತಿ ಪಿಬಸ್ ಅವರು, ಬಾಯಲ್ಲಿ ಸ್ಕ್ಯಾಲಪ್ ಪೈ (ಚಿಪ್ಪುಮೀನಿನ ತಿಂಡಿ) ಇರುವಾಗಲೇ, "ಒಂದೇ ಸಾಲು ಕಣೋ ಮಾರಾಯ. ಅಲ್ಲಿ ದೋಣಿಯವ್ರು ಕೂಗ್ತಿರ್ತಾರೆ, ಇಲ್ಲಿ ನಿನ್ನ ಕೋಡು ತನ್ನ ಡೈರಿ ತಾನೇ ಬರ್ಕೊಂಡು ಕೂತಿರುತ್ತೆ" ಎಂದು ನಿರ್ದೇಶಕರಿಗೆ ಹೇಳಿರುವುದು ಗಮನಕ್ಕೆ ಬಂದಿದೆ. 'ಮಾರಾಯ' ಎಂಬ ಹುದ್ದೆ ಇಲಾಖೆಯಲ್ಲಿ ಮಂಜೂರಾಗಿಲ್ಲ. "ಮೊದ್ಲು ನನ್ನ ಹೆಸರು ತೆಗಿ, ಆಮೇಲೆ ಮಾತಾಡೋಣ" ಎಂಬ ನಿರ್ದೇಶಕರ ಉತ್ತರವನ್ನು ನಡಾವಳಿಯಿಂದ ತೆಗೆದುಹಾಕಲಾಗಿದೆ.

೪. ಗಣಕ ಸ್ತಬ್ಧವಾದಾಗ ಸಿಬ್ಬಂದಿ ಅದನ್ನು ಮುಟ್ಟಬಾರದು. ಅದು ಯೋಚಿಸುತ್ತಿದೆ ಎಂದು ಭಾವಿಸತಕ್ಕದ್ದು.

೫. ದೋಣಿಗಳು ಗಣಕ ಚಾಲನೆಯಲ್ಲಿದೆಯೆಂದು ಖಚಿತಪಡಿಸಿಕೊಂಡ ನಂತರವೇ ಮುಳುಗತಕ್ಕದ್ದು. ಈ ಬಗ್ಗೆ ಮುಂಚಿತವಾಗಿ ಲಿಖಿತ ಅನುಮತಿ ಪಡೆದಿರಬೇಕು.

೬. ಬ್ರೂನಿ ದ್ವೀಪದ ಆಚೆ ಮೀನಿಗೆ ಹೋಗಿದ್ದ ಡೆನ್ಜಿಲ್ ಕ್ಲೆನೆಟ್ ಅವರು, ಗಣಕ ಸ್ತಬ್ಧವಾಗಿದ್ದಾಗಲೇ ಪದೇ ಪದೇ ಕರೆ ಮಾಡಿರುವುದಾಗಿ ದೂರದ ಇನ್ನೊಂದು ದೋಣಿಯವರು ತಿಳಿಸಿದ್ದಾರೆ. ಇದು ಐದನೇ ಅಂಶದ ಸ್ಪಷ್ಟ ಉಲ್ಲಂಘನೆ. ಅವರ ದೋಣಿ ಇನ್ನೂ ದಡ ಸೇರಿಲ್ಲವಾದರೂ ವಿವರಣೆ ನೀಡಲು ವಾರದ ಗಡುವು ವಿಧಿಸಲಾಗಿದೆ.

ಸಹಿ/-
ರಾಡ್ನಿ ಹಾಲೊವೇ
ನಿರ್ದೇಶಕರು ಹಾಗೂ ಅಧ್ಯಕ್ಷರು, ದೋಷ ತನಿಖಾ ಸಮಿತಿ

ಪ್ರತಿಗಳು:
ಮೆರೆಡಿತ್ ಪಿಬಸ್: ಕ್ಯಾಂಟೀನ್ ದಾಸ್ತಾನಿಗೆ ವರ್ಗಾವಣೆ ಆದೇಶದೊಂದಿಗೆ.
ಕರೆ ಕೊಠಡಿ: ಗಣಕದ ಪರದೆಯ ಮೇಲೆ ಅಂಟಿಸಲು, ಅಲ್ಲಿ ಬೇರೇನೂ ಕಾಣುತ್ತಿಲ್ಲ.
ಡೆನ್ಜಿಲ್ ಕ್ಲೆನೆಟ್: ಪತ್ತೆಯಾದ ಕೂಡಲೇ ಖುದ್ದಾಗಿ ತಲುಪಿಸಿ ಸ್ವೀಕೃತಿ ಪಡೆಯಲು.